ಬೊಟ್ಟಿಟ್ಟ ಸೈತಾನ

ಕಳೆದ ವಾರ ರಾಮನಗರದ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರ ಪಾರ್ಸೆಲ್ಲಿಗೆ ಗುಮಾಸ್ತರು ಅರಗಿನ ಮುದ್ರೆ ಒತ್ತುತ್ತಿದ್ದರು. ಮೇಣದಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದರು, ನಾಲ್ಕು ಹನಿ ದಾರದ ಗಂಟಿನ ಮೇಲೆ ಬೀಳಿಸಿದರು, ಹಿತ್ತಾಳೆಯ ಮೊಹರು ಊರಿದರು. ಈ ಕಾಲದಲ್ಲೂ ಇದನ್ನು ಮಾಡುತ್ತಾರೆಯೇ ಎಂದು ಆಶ್ಚರ್ಯಪಡುವಷ್ಟರಲ್ಲಿ ವಾಸನೆ ಮೂಗಿಗೆ ಬಂತು. ನಿಮಗೂ ಹೀಗೆ ಆಗಿರಬಹುದು. ಕೆಲವು ವಾಸನೆಗಳು ತಲೆಗೆ ಹೋಗುವುದಿಲ್ಲ. ನೇರವಾಗಿ ಹೋಗಿ ಹಳೆಯ ಯಾವುದೋ ನಾಚಿಕೆಯನ್ನು ಮುಟ್ಟುತ್ತವೆ. ನನಗೆ ಕೆಂಪಕ್ಕನ ನೆನಪಾಯಿತು. ಕೆಂಪಕ್ಕನ ಹಿಂದೆಯೇ ಸೈತಾನನ ನೆನಪೂ ಬಂತು.

ಸೈತಾನ ಎಂದೊಡನೆ ಪುಟ ಮಗುಚಬೇಡಿ. ನಾನು ಭಯಂಕರ ಕಥೆ ಹೇಳುವವನಲ್ಲ. ನಾಲ್ಕು ತಾಲ್ಲೂಕುಗಳ ಸುದ್ದಿ ಬರೆದು ಬದುಕಿದವನು. ರಾಮನಗರದ ರೇಷ್ಮೆಗೂಡಿನ ದರ, ಕನಕಪುರದ ಕುಡಿಯುವ ನೀರು, ಚನ್ನಪಟ್ಟಣದ ಚರಂಡಿ, ಮಾಗಡಿಯ ಬಸ್ಸು. ಎರಡು ದಶಕದಿಂದ ಇವನ್ನೇ ಹಿಂದೆ ಮುಂದೆ ಮಾಡಿ ಬರೆದಿದ್ದೇನೆ. ನನ್ನ ಬರವಣಿಗೆಯಲ್ಲಿ ವಿಶೇಷಣಗಳು ಕಡಿಮೆ ಎಂದು ಒಬ್ಬರು ಮೆಚ್ಚಿದ್ದರು. ಜಿಲ್ಲಾ ಪುಟದಲ್ಲಿ ಅವಕ್ಕೆ ಜಾಗ ಇರುವುದಿಲ್ಲ ಎಂಬುದು ನಿಜವಾದ ಕಾರಣ.

ಆದರೆ ಒಂದು ಮಾತಿಗೆ ಮಾತ್ರ ಜಾಗ ಯಾವಾಗಲೂ ಇರುತ್ತದೆ. 'ಎನ್ನಲಾಗಿದೆ.' ಇದು ನಮ್ಮ ಕಸುಬಿನ ಹೆಲ್ಮೆಟ್ಟು. ಯಾರು ಅಂದರು, ಯಾರ ಹತ್ತಿರ ಅಂದರು, ನೀನು ಕೇಳಿದೆಯಾ ಎಂದು ಇದನ್ನು ಹಾಕಿಕೊಂಡವನನ್ನು ಯಾರೂ ಕೇಳುವುದಿಲ್ಲ. ಬಿದ್ದರೂ ತಲೆ ಉಳಿಯುತ್ತದೆ. ಬೇರೆಯವರ ತಲೆ ಏನಾಯಿತು ಎಂದು ಹೆಲ್ಮೆಟ್ಟು ಹಾಕಿಕೊಂಡವನು ತಿರುಗಿ ನೋಡುವ ರೂಢಿಯಿಲ್ಲ.

ಎಂಟು ವರ್ಷದ ಹಿಂದಿನ ಮಾತು. ಆ ದಿನ ನಾನು ಮಾಗಡಿಯಲ್ಲಿದ್ದೆ. ಒಂದು ಸಭೆ ಮಧ್ಯಾಹ್ನ ದಾಟಿ ಎಳೆದಿತ್ತು. ಮಾಗಡಿಗೆ ರೈಲಿಲ್ಲ, ಬಸ್ಸು ಹೋದರೆ ಹೋಯಿತು, ಮುಂದಿನದಕ್ಕೆ ಕಾಯಬೇಕು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ ಚನ್ನಪಟ್ಟಣದಿಂದ ಪರಿಚಯದವನೊಬ್ಬ ಫೋನ್ ಮಾಡಿದ. ಕನಕಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದೂರಿದೆ, ಅಲ್ಲೊಬ್ಬ ಹೆಂಗಸು ಮಾಟದ ಗೊಂಬೆ ಮಾಡುತ್ತಿದ್ದಾಳಂತೆ, ಕಪ್ಪು ಗೊಂಬೆ, ಮೇಕೆಯ ತಲೆ, ಹಣೆಗೆ ಕುಂಕುಮ, ಗೋಣಿಚೀಲದ ತುಂಬ ಇವೆಯಂತೆ ಎಂದ. ಪುಟ ಮುಗಿಸುವ ಹೊತ್ತು. ಡೆಸ್ಕಿನ ಹಿರಿಯರು ಎರಡು ಸಲ ಆಗಲೇ ಕರೆ ಮಾಡಿದ್ದರು. ಕೆಳಗಡೆ ಒಂದು ಮೂಲೆ ಖಾಲಿ ಇತ್ತಂತೆ. ನಾಲ್ಕು ಸಾಲು ಫೋನಿನಲ್ಲೇ ಹೇಳಿ ಬರೆಸಿದೆ. ಇಂಥ ಊರಿನ ಮನೆಯೊಂದರಲ್ಲಿ ಸೈತಾನನ ರೂಪದ ಮಾಟದ ಗೊಂಬೆಗಳನ್ನು ತಯಾರಿಸಲಾಗುತ್ತಿದೆ ಎನ್ನಲಾಗಿದೆ. ಇದರಿಂದ ಗ್ರಾಮಸ್ಥರಲ್ಲಿ ಆತಂಕ ಮನೆಮಾಡಿದೆ. ಅಷ್ಟರಲ್ಲಿ ಬಸ್ಸು ಬಂತು. ಸೀಟು ಸಿಕ್ಕಿತು. ಆ ದಿನ ಅದೊಂದೇ ಸಂತೋಷದ ವಿಷಯ ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಅದೇ ಪರಿಚಯದವನು ಮತ್ತೆ ಫೋನ್ ಮಾಡಿದ. "ಸಾರ್, ನೀವು ಬರ್ದಿದ್ದು ಭಾರಿ ಕೆಲಸ ಮಾಡ್ಬುಡ್ತು. ಊರಲ್ಲಿ ಪಂಚಾಯ್ತಿ ಕೂರಿಸ್ತಾವ್ರೆ" ಎಂದ. ನಾನು ಬೈಕ್ ತೆಗೆದುಕೊಂಡು ಹೋದೆ. ಆ ಊರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು.

ಕೆಂಪಕ್ಕನ ಮನೆ ಊರ ಕೊನೆಯಲ್ಲಿತ್ತು. ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು, ಒಳಗೆ ಮೂರು ಲೇತು. ಒಂದು ಮಾತ್ರ ಓಡುತ್ತಿತ್ತು. ಉಳಿದ ಎರಡರಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಪೇಪರ್ ಬಂದ ದಿನದಿಂದ ಬಂದಿರಲಿಲ್ಲ. ಕೆಂಪಕ್ಕನಿಗೆ ಐವತ್ತರ ಹತ್ತಿರ ವಯಸ್ಸು, ಗಟ್ಟಿ ತೋಳು, ತಲೆಯ ಮೇಲೆ ಮರದ ಹೊಟ್ಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಹೈಸ್ಕೂಲಿಗೆ ಹೋಗುವ ಮಗಳೊಬ್ಬಳಿದ್ದಳು. ಲೇತಿನ ಕೆಲಸವನ್ನು ಅಪ್ಪನಿಂದ ಕಲಿತವಳು.

ಚನ್ನಪಟ್ಟಣದ ಗೊಂಬೆ ನೀವು ನೋಡಿರುತ್ತೀರಿ, ಆದರೆ ಅದು ಆಗುವುದನ್ನು ನೋಡದಿದ್ದರೆ ಒಂದು ಸಲ ನೋಡಿ. ಬಿಳಿಯ ಹಗುರ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಉಳಿ ತಗುಲಿದಲ್ಲಿ ಸೊಂಟ ಬರುತ್ತದೆ, ಕುತ್ತಿಗೆ ಬರುತ್ತದೆ, ತಲೆ ಬರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿರುಗುವ ಬಿಸಿಗೇ ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿಯನ್ನು ಒತ್ತಿ ಎಳೆದರೆ ಮುಖ ಕಾಣುವ ಹೊಳಪು. ಲೇತಿಗೆ ಒಂದೇ ಹಟ: ದುಂಡಗಿರುವುದನ್ನು ಮಾತ್ರ ಮಾಡುತ್ತದೆ. ಮೇಕೆಯ ಕೊಂಬು ದುಂಡಗಿಲ್ಲ. ಕೆಂಪಕ್ಕ ಕೊಂಬುಗಳನ್ನು ಬೇರೆಯಾಗಿ ಮೆಣಸಿನಕಾಯಿಯಷ್ಟು ಸಣ್ಣಗೆ ಕಡೆದು, ತಲೆಯಲ್ಲಿ ಓರೆಯಾಗಿ ತೂತು ಕೊರೆದು ಸಿಕ್ಕಿಸಿದ್ದಳು. ನೆಟ್ಟಗೆ ನಿಂತಿದ್ದವು.

ಆರ್ಡರು ಬಂದದ್ದು ಚನ್ನಪಟ್ಟಣ ಪೇಟೆಯ ವ್ಯಾಪಾರಿಯ ಮೂಲಕ. ಅಮೆರಿಕದಿಂದ. ಗೇಣುದ್ದದ ಇನ್ನೂರು ಗೊಂಬೆಗಳು. ಫೋನಿನಲ್ಲಿ ಒಂದು ಚಿತ್ರ ಕಳಿಸಿದ್ದರು: ಕೂತ ಮೈ, ಮೇಕೆಯ ತಲೆ, ಹಣೆಯಲ್ಲಿ ಐದು ಮೂಲೆಯ ನಕ್ಷತ್ರ. ನಕ್ಷತ್ರ ನೋಡಿ ಕೆಂಪಕ್ಕನಿಗೆ ತಲೆನೋವಾಯಿತು. ಅಷ್ಟು ಸಣ್ಣ ಹಣೆಯಲ್ಲಿ ಐದು ಮೂಲೆ ಹೇಗೆ ಬರೆಯುವುದು? ಹಾಗೇ ಬಿಟ್ಟರೆ ಬೋಳು. ಹಣೆ ಬೋಳಿರುವ ಗೊಂಬೆಯನ್ನು ಆ ಶೆಡ್ಡಿನಿಂದ ಯಾವತ್ತೂ ಹೊರಗೆ ಕಳಿಸಿರಲಿಲ್ಲ. ಕೆಂಪು ಅರಗಿನ ತುದಿ ತಾಕಿಸಿ ಇನ್ನೂರಕ್ಕೂ ಬೊಟ್ಟಿಡುವುದೆಂದು ತೀರ್ಮಾನಿಸಿದಳು.

ಕೆಟ್ಟದ್ದು ಅಲ್ಲೇ. ಮೇಕೆಯ ಮುಖಕ್ಕೆ ಯಾರೂ ಹೆದರುತ್ತಿರಲಿಲ್ಲ. ಕಪ್ಪು ಬಣ್ಣಕ್ಕೂ ಹೆದರುತ್ತಿರಲಿಲ್ಲ. ಕಪ್ಪು ಗೊಂಬೆಯ ಹಣೆಯಲ್ಲಿ ಕೆಂಪು ಕಂಡಾಗ ಮಾತ್ರ ನಮ್ಮ ಕಡೆಯವರಿಗೆ ಬೇರೆ ಏನೂ ತೋಚುವುದಿಲ್ಲ, ಮಾಟವೇ ತೋಚುತ್ತದೆ.

ನಾನು ಹೋದಾಗ ಕೆಂಪಕ್ಕ ಲೇತು ನಿಲ್ಲಿಸಲಿಲ್ಲ. ಪತ್ರಿಕೆಯವನು ಎಂದೆ, ಯಾವ ಪೇಪರ್ ಎಂದು ಕೇಳಿದಳು. ಹೇಳಿದೆ.

"ನಮ್ ವಿಚಾರ ಬಂದಿರೋದು ಅದ್ರಲ್ಲೇ ಅಲ್ವಾ ಸಾ? ಯಾರ್ ಬರ್ದೋರು?"

"ಚನ್ನಪಟ್ಟಣದ ಕಡೆಯಿಂದ ಬಂದದ್ದು" ಎಂದೆ.

ಅದು ಸುಳ್ಳಲ್ಲ. ಸುಳ್ಳು ಹೇಳದೆ ತಪ್ಪಿಸಿಕೊಳ್ಳುವುದನ್ನು ನಮ್ಮ ಕಸುಬಿನಲ್ಲಿ ಮೊದಲ ವರ್ಷವೇ ಕಲಿಯುತ್ತೇವೆ. ಅವಳು ತಲೆಯಾಡಿಸಿ ಉಳಿ ಎತ್ತಿಕೊಂಡಳು. "ಪ್ರತಿ ವರ್ಷ ಮಾರವ್ವನ ಹಬ್ಬದಲ್ಲಿ ಮೇಕೆ ತಲೆ ತಿನ್ನೋರು ಸಾ ಇವ್ರೆಲ್ಲ. ಈಗ ಮರದ ಮೇಕೆ ನೋಡಿ ಹೆದ್ರುಕೊಂಡವ್ರೆ. ಇದು ತಿನ್ನಕ್ ಬರಲ್ಲ ಅಂತಲೋ ಏನೋ" ಎಂದಳು.

ಪಂಚಾಯ್ತಿಗೆ ನಾಲ್ಕು ದಿನವಿತ್ತು. ವ್ಯಾಪಾರಿಯಿಂದ ವಿಳಾಸ ಪಡೆದು, ಗೊಂಬೆ ತರಿಸುತ್ತಿದ್ದವರಿಗೆ ನನ್ನ ಇಂಗ್ಲಿಷಿನಲ್ಲಿ ಒಂದು ಇ-ಮೇಲ್ ಬರೆದೆ. ನೀವು ಯಾರು, ಈ ಗೊಂಬೆ ಯಾವ ಪೂಜೆಗೆ? ಮರುದಿನ ಬೆಳಿಗ್ಗೆಯೇ ಉತ್ತರ ಬಂದಿತ್ತು. ಬರೆದವರು ಒಂದು ಸಣ್ಣ ಊರಿನ ಆಸ್ಪತ್ರೆಯ ನರ್ಸು. ತಾನು ಸೈತಾನವಾದಿ ಎಂದು, ನಮ್ಮಲ್ಲಿ ಯಾರಾದರೂ ತಾನು ಸಸ್ಯಾಹಾರಿ ಎನ್ನುವಷ್ಟು ಸರಳವಾಗಿ ಬರೆದಿದ್ದರು. ಯಾವ ಪೂಜೆಗೂ ಅಲ್ಲ, ತಮ್ಮ ಗೆಳೆಯರ ಕೂಟದ ವಾರ್ಷಿಕ ಸಭೆಯಲ್ಲಿ ಬಂದವರಿಗೆಲ್ಲ ನೆನಪಿನ ಕಾಣಿಕೆಯಾಗಿ ಕೊಡಲು ಎಂದಿದ್ದರು. ನಮಗೆ ಸೈತಾನ ಎಂಬ ಜೀವಿ ಇದ್ದಾನೆಂಬ ನಂಬಿಕೆಯಿಲ್ಲ, ದೇವರು ಇದ್ದಾನೆಂಬ ನಂಬಿಕೆಯೂ ಇಲ್ಲ. ಅವನು ನಮಗೆ ಒಂದು ಗುರುತು, ದೊಡ್ಡವರ ಮುಂದೆ ನಿಂತು ಆಗುವುದಿಲ್ಲ ಎಂದವನ ಗುರುತು ಎಂದಿದ್ದರು.

ನಾನು ನಂಬಲಿಲ್ಲ. ಸುದ್ದಿಮನೆಯಲ್ಲಿ ಬೆಳೆದವನು ಯಾರು ಹೇಳಿದ್ದನ್ನೂ ಮೊದಲ ಸಲಕ್ಕೆ ನಂಬಬಾರದು. ನಾಲ್ಕು ಸಾಲು ಬರೆಸಿದ ದಿನ ಈ ನಿಯಮ ಎಲ್ಲಿ ಹೋಗಿತ್ತು ಎಂದು ನೀವು ಕೇಳಬಹುದು, ಕೇಳಿ. ಆ ನಾಲ್ಕು ದಿನ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಸೈತಾನ ಚಿಕ್ಕವನಾಗುತ್ತ ಹೋದ, ಮನುಷ್ಯರು ದೊಡ್ಡವರಾಗುತ್ತ ಬಂದರು.

ಈ ಪಂಥಕ್ಕೆ ಪುರಾತನ ಗುರುಪರಂಪರೆ ಏನೂ ಇಲ್ಲ. ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ನಗರವೊಂದರಲ್ಲಿ ಒಬ್ಬ ಮನುಷ್ಯ ತಲೆ ಬೋಳಿಸಿಕೊಂಡು, ಕಪ್ಪು ಬಣ್ಣ ಬಳಿದ ಮನೆಯಲ್ಲಿ ಇದನ್ನು ಶುರುಮಾಡಿದ. ಸಂಗೀತ ನುಡಿಸಿ ಹೊಟ್ಟೆ ಹೊರೆದವನು, ಸರ್ಕಸ್ಸಿನಲ್ಲೂ ಇದ್ದೆನೆಂದು ಹೇಳಿಕೊಳ್ಳುತ್ತಿದ್ದವನು. ಜನರನ್ನು ಬೆಚ್ಚಿಬೀಳಿಸುವ ಕಲೆ ಅವನಿಗೆ ಗೊತ್ತಿತ್ತು. ಆದರೆ ಹೇಳಿದ್ದು ಬೆಚ್ಚಿಬೀಳುವಂಥದ್ದೇನಲ್ಲ. ಮನುಷ್ಯನೂ ಒಂದು ಪ್ರಾಣಿ. ಮೈಯ ಸುಖ ಪಾಪವಲ್ಲ, ಅದರ ಗುಲಾಮನಾಗುವುದು ಮೂರ್ಖತನ. ನಿನ್ನ ಬಾಳಿಗೆ ನೀನೇ ಒಡೆಯ, ಆದ್ದರಿಂದ ನಿನ್ನ ಹುಟ್ಟಿದ ದಿನವೇ ನಿನಗೆ ದೊಡ್ಡ ಹಬ್ಬ. ಮಕ್ಕಳಿಗೆ ನೋವು ಮಾಡಬೇಡ. ಅವರ ಕಪ್ಪು ನಿಲುವಂಗಿ, ಗಂಟೆ, ಕತ್ತಿ ಎಲ್ಲವೂ ಮನಸ್ಸಿನ ಕಸ ಹೊರಹಾಕಲು ತಾವೇ ಆಡುವ ನಾಟಕ. ಅದು ನಾಟಕವೆಂದು ಅವರೇ ಒಪ್ಪುತ್ತಾರೆ. ದುರ್ಬಲರ ಬಗ್ಗೆ ಅವನ ಮಾತಿನಲ್ಲಿ ಒಂದು ತಿರಸ್ಕಾರ ಇತ್ತು. ಅದು ನನಗೆ ಹಿಡಿಸಲಿಲ್ಲ, ಇವತ್ತಿಗೂ ಹಿಡಿಸುವುದಿಲ್ಲ. ನರ್ಸಮ್ಮನ ಕೂಟದವರಿಗೂ ಹಿಡಿಸಿರಲಿಲ್ಲ. ಅವರದು ಈಚೆಗೆ ಹುಟ್ಟಿದ ಇನ್ನೊಂದು ಕವಲು: ಎಲ್ಲ ಜೀವದ ಮೇಲೆ ಕರುಣೆ ಇರಲಿ, ನಿನ್ನ ಮೈ ನಿನ್ನದು, ನಂಬಿಕೆ ವಿಜ್ಞಾನಕ್ಕೆ ಎದುರಾಗದಿರಲಿ, ತಪ್ಪು ಮಾಡಿದರೆ ಸರಿಪಡಿಸು ಎನ್ನುವವರು. ಸರ್ಕಾರದ ಕಟ್ಟಡದ ಮುಂದೆ ಒಂದು ಧರ್ಮದ ಕಲ್ಲು ನಿಲ್ಲಿಸಿದರೆ ನಮ್ಮ ಮೇಕೆಯನ್ನೂ ನಿಲ್ಲಿಸಿ ಎಂದು ಕೋರ್ಟಿಗೆ ಹೋಗುವವರು.

ಇವರಿಗಿಂತ ಮೊದಲು, ಯುರೋಪಿನ ಕೆಲವು ಕವಿಗಳು ದೇವರಿಗೆ ಎದುರಾಡಿ ಸ್ವರ್ಗದಿಂದ ತಳ್ಳಿಸಿಕೊಂಡ ದೇವದೂತ ಸೈತಾನನಲ್ಲಿ ದುಷ್ಟನನ್ನು ಕಾಣದೆ, ದೊರೆಗೆ ತಲೆಬಾಗದ ಪ್ರಜೆಯನ್ನು ಕಂಡಿದ್ದರು. ಮೇಕೆಯ ತಲೆ ಅದಕ್ಕೂ ಬೇರೆ ದಾರಿಯಲ್ಲಿ ಬಂದದ್ದು. ಅದರ ಚಿತ್ರ ಬರೆದವನು ಫ್ರಾನ್ಸಿನ ಒಬ್ಬ ಮಂತ್ರಶಾಸ್ತ್ರದ ಲೇಖಕ. ಆ ಮೇಕೆಗೆ ಅವನಿಟ್ಟ ಹೆಸರು ಮಾತ್ರ ಏಳುನೂರು ವರ್ಷ ಹಳೆಯ ಒಂದು ಮೊಕದ್ದಮೆಯಿಂದ ಬಂದದ್ದು. ಅಲ್ಲಿನ ಅರಸನಿಗೆ ಬೇಡವಾಗಿದ್ದ ಕೆಲವು ಧರ್ಮಯೋಧರನ್ನು ಹಿಡಿದು, ನೀವು ಆ ಹೆಸರಿನ ವಿಗ್ರಹವೊಂದನ್ನು ಪೂಜಿಸಿದಿರಿ ಎಂದು ಒಪ್ಪಿಕೊಳ್ಳುವವರೆಗೂ ಹಿಂಸೆ ಕೊಟ್ಟರು. ಒಪ್ಪಿಕೊಂಡರು. ಅಂಥ ಸ್ಥಿತಿಯಲ್ಲಿ ಯಾರು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಇಡೀ ಓದಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇನ್ನೂ ಈಚಿನದು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲಿ ಶಿಶುವಿಹಾರಗಳ ಆಯಾಗಳು, ಶಿಕ್ಷಕಿಯರು ಸೈತಾನ ಪೂಜೆ ಮಾಡುತ್ತಾರೆ, ಮಕ್ಕಳನ್ನು ಹಿಂಸಿಸುತ್ತಾರೆ ಎಂಬ ಗುಲ್ಲೆದ್ದಿತ್ತು. ಎಷ್ಟೋ ಜನ ಜೈಲಿಗೆ ಹೋದರು. ಸೈತಾನ ಪೂಜೆ ಮಾತ್ರ ಎಲ್ಲೂ ಸಿಗಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು, ಅಷ್ಟೇ. ಅಲ್ಲಿಯ ಭಾಷೆಯಲ್ಲಿ 'ಎನ್ನಲಾಗಿದೆ' ಎನ್ನುವುದಕ್ಕೆ ಏನನ್ನುತ್ತಾರೋ, ಅದನ್ನು ಹಾಕಿಯೇ ಬರೆದಿದ್ದರು.

ಪಂಚಾಯ್ತಿಯ ದಿನ ಬೆಳಿಗ್ಗೆ ಬೇಗ ಹೋಗಿ ಕೆಂಪಕ್ಕನಿಗೆ ಇದನ್ನೆಲ್ಲ ಸುಲಭ ಮಾಡಿ ಹೇಳಲು ನೋಡಿದೆ. ಅವಳು ಕೊಂಬು ಸಿಕ್ಕಿಸುತ್ತಲೇ ಕೇಳಿದಳು.

"ದೇವ್ರೂ ಇಲ್ಲ, ಸೈತಾನನೂ ಇಲ್ಲ ಅಂದ್ಮ್ಯಾಕೆ ಗೊಂಬೆ ಯಾಕ್ ಸಾ ಅವ್ರಿಗೆ?"

"ಗುರುತಿಗೆ."

"ಯಾತರ ಗುರುತು?"

"ಆಗಲ್ಲ ಅಂತ ಹೇಳೋದರ ಗುರುತು."

ಇನ್ನೊಂದು ಕೊಂಬು ಸಿಕ್ಕಿಸಿದಳು. "ಅಷ್ಟೇನಾ? ಆಗಾಕಿಲ್ಲ ಅನ್ನಕ್ಕೆ ಬಾಯಿ ಸಾಲ್ದಾ, ಕೊಂಬ್ ಬೇರೆ ಬೇಕಾ?"

ಊರಿನ ಗಲಾಟೆ ತಿಳಿಸಿದ್ದಕ್ಕೆ ಬಂದ ನರ್ಸಮ್ಮನ ಎರಡನೆಯ ಪತ್ರದ ಮಾತನ್ನೂ ಹೇಳಿದೆ. ನಿಮ್ಮ ಊರಿನಲ್ಲಿ ತೊಂದರೆಯಾಗುತ್ತಿದ್ದರೆ ಕೆಲಸ ನಿಲ್ಲಿಸಿಬಿಡಿ, ನನಗೆ ಬೇಸರವಿಲ್ಲ. ಕೈ ನಿಮ್ಮದು, ತೀರ್ಮಾನವೂ ನಿಮ್ಮದು ಎಂದು ಬರೆದಿದ್ದರು. ಕೆಂಪಕ್ಕ ಕೈಯಲ್ಲಿದ್ದ ಗೊಂಬೆಯನ್ನು ತಿರುಗಿಸಿ ನೋಡಿದಳು. "ಒಳ್ಳೆ ಹೆಂಗ್ಸು" ಎಂದಳು. "ನಿಲ್ಸಾಕಿಲ್ಲ ಅಂತ ಬರ್ದಾಕು."

ಪಂಚಾಯ್ತಿ ಸೇರಿದ್ದು ಮಾರಮ್ಮನ ಗುಡಿಯ ಮುಂದಿನ ಅರಳಿಕಟ್ಟೆಯಲ್ಲಿ. ಊರಿನ ಯಜಮಾನರು ಬೋರೇಗೌಡರು. ಕೆಟ್ಟ ಮನುಷ್ಯರಲ್ಲ. ಜಗಳ ಹೇಗಾದರೂ ಮುಗಿದರೆ ಸಾಕು ಎನ್ನುವವರು. ಇಂಥ ಜಗಳ ಮುಗಿಸಲು ಅವರ ಹತ್ತಿರ ಒಂದು ಹಳೆಯ ದಾರಿ ಇತ್ತು: ತಪ್ಪುಕಾಣಿಕೆ. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ತಪ್ಪಾಯಿತು ಎಂದು ದೇವಿಯ ಮುಂದೆ ಇಟ್ಟು ಅಡ್ಡಬೀಳುವುದು. ಇಟ್ಟ ಮೇಲೆ ಊರಿನಲ್ಲಿ ಯಾರೂ ಆ ವಿಷಯ ಎತ್ತುವಂತಿಲ್ಲ. ಇಡದಿದ್ದರೆ ಆ ಮನೆಯ ಕೆಲಸಕ್ಕೆ ಯಾರೂ ಹೋಗುವುದಿಲ್ಲ. ಬಾಯಿಬಿಟ್ಟು ಯಾರೂ ಹೋಗಬೇಡಿ ಎನ್ನುವುದಿಲ್ಲ; ಯಾರೂ ಹೋಗುವುದಿಲ್ಲ, ಅಷ್ಟೆ. ಮೂರು ಲೇತಿನ ಶೆಡ್ಡಿನಲ್ಲಿ ಒಬ್ಬಳೇ ಎಷ್ಟು ದಿನ ದುಡಿಯುತ್ತಾಳೆ?

"ನೋಡವ್ವ ಕೆಂಪಮ್ಮ" ಎಂದು ಗೌಡರು ಶುರುಮಾಡಿದರು, "ನಾವೇನ್ ನಿನ್ನ ಊರ್ ಬುಟ್ಟು ಹೋಗು ಅಂತಿಲ್ಲ. ಗೊಂಬೆ ಮಾಡ್ಬ್ಯಾಡ ಅಂತಾನೂ ಅಂತಿಲ್ಲ. ಆ ಬೊಟ್ಟು ಒರ್ಸ್ಬುಡು. ಮಾರವ್ವಂಗೆ ಒಂದ್ ತಪ್ಪುಕಾಣಿಕೆ ಕಟ್ಟು. ಒಂದ್ ರೂಪಾಯಿ. ಅಲ್ಲಿಗ್ ಮುಗೀತು."

"ಏನ್ ತಪ್ಪು ಮಾಡಿವ್ನಿ ಗೌಡ್ರೆ?"

"ತಪ್ಪು ಮಾಡಿದ್ದೀಯ ಅಂತ ನಾನೆಲ್ಲಿ ಅಂದೆ?"

"ಮಾಡ್ದೆ ಇದ್ಮ್ಯಾಕೆ ಕಾಣಿಕೆ ಯಾತಕ್ಕೆ?"

ಹಿಂದಿನಿಂದ ಸಿದ್ದರಾಜು ಎಂಬವನು ಎದ್ದ. ಕೆಂಪಕ್ಕನ ಪಕ್ಕದ ಹೊಲದವನು. "ಗೊಂಬೆ ಬಂದಾಗ್ಲಿಂದ ನಮ್ ಹಸ ಹಾಲ್ ಕೊಡ್ತಿಲ್ಲ ಕಣಕ್ಕ."

"ಹಸಿನ ಮುಂದೆ ಒಸಿ ಹಿಂಡಿ ಇಕ್ಲಾ ಮೊದ್ಲು!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸಿದ್ದರಾಜು ಕೆಂಪಾದ. ಜೇಬಿನಿಂದ ಮಡಿಸಿದ ಪತ್ರಿಕೆ ತೆಗೆದು ಬಿಡಿಸಿ ಮೇಲೆತ್ತಿ ಹಿಡಿದ. "ನಾನ್ ಹೇಳಿದ್ರೆ ನಗ್ತೀರ. ಪೇಪರ್ನಾಗೇ ಬಂದೈತಲ್ಲ, ಅವ್ರೂ ಸುಳ್ ಬರೀತಾರಾ?"

ನಗು ನಿಂತಿತು. ಅದು ನಿಂತ ರೀತಿ ನನಗೆ ಇವತ್ತಿಗೂ ಕೇಳಿಸುತ್ತದೆ.

"ಬರ್ದೋನು ಬಂದು ನನ್ ಶೆಡ್ ನೋಡಿದ್ನಾ?" ಕೆಂಪಕ್ಕನ ದನಿ ಏರಿತು. "ಯಾರ್ಲಾ ಬರ್ದೋನು? ಕರ್ಕೊಂಡ್ ಬಾ, ನೋಡವ!"

ನಾನು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಏನು ಬರೆದೆ ಎಂದು ಹೇಳಿದರೆ ನಿಮಗೆ ನಗು ಬರಬಹುದು. 'ಯಾರ್ಲಾ ಬರ್ದೋನು' ಎಂದು ಬರೆದುಕೊಂಡೆ. ಅಕ್ಷರ ದುಂಡಗೆ ಬಂದಿದೆ. ಆ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ.

ಗೌಡರು ದನಿ ತಗ್ಗಿಸಿದರು. "ಒಂದ್ ರೂಪಾಯಿ ಕಣವ್ವ. ನಾನೇ ಬೇಕಾದ್ರೆ ಕೊಡ್ತೀನಿ."

"ರೂಪಾಯಿ ದೊಡ್ದಲ್ಲ ಗೌಡ್ರೆ. ತಪ್ಪಾಯ್ತು ಅನ್ನೋದು ದೊಡ್ದು. ಮಾರವ್ವಂಗೆ ಬೇಕಿದ್ರೆ ಅವ್ಳೇ ಕೇಳ್ಲಿ. ಮಂಗ್ಳಾರ, ಸುಕ್ರಾರ ಹೋಗ್ತಾನೇ ಇವ್ನಿ, ಒಂದ್ ದಿನಾನೂ ಅವ್ಳು ಕೇಳ್ನಿಲ್ಲ. ಕೇಳ್ತಿರೋರು ನೀವು." ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಮ್ಮೆಜಮಾನ್ರು ಸತ್ತಾಗ ಇದೇ ಕಟ್ಟೆ ಮ್ಯಾಲೆ ಕುಂತ್ಕಂಡು ನನ್ ಹಣೆ ಒರ್ಸ್ಬೇಕು ಅಂದ್ರಿ. ಅವತ್ತೂ ಆಗಾಕಿಲ್ಲ ಅಂದೆ. ಇದು ಮರದ ಹಣೆ. ಇದ್ನೂ ಒರ್ಸಾಕಿಲ್ಲ."

ಹೇಳಿ ನೇರವಾಗಿ ಗುಡಿಯೊಳಕ್ಕೆ ಹೋದಳು. ಕಾಯಿ ಒಡೆಸಿ, ಮಂಗಳಾರತಿ ತೆಗೆದುಕೊಂಡು, ಅದೇ ಜನರ ನಡುವೆ ದಾರಿ ಮಾಡಿಕೊಂಡು ಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಕಟ್ಟೆಯವರೆಗೂ ಲೇತಿನ ಸದ್ದು ಕೇಳಿಸಿತು.

ಸ್ವರ್ಗದ ದೊರೆಯ ಮುಂದೆ ನಿಂತು ಆಗುವುದಿಲ್ಲ ಎಂದವನ ಬಗ್ಗೆ ನಾನು ನಾಲ್ಕು ದಿನ ಓದಿದ್ದೆ. ಅವನಿಗೆ ರೆಕ್ಕೆಗಳಿದ್ದವು, ಹಿಂದೆ ಒಂದು ಸೈನ್ಯವಿತ್ತು. ಇವಳು ಮೂರು ಲೇತು ಬಿಟ್ಟರೆ ಬೇರೇನೂ ಇಲ್ಲದವಳು, ಅದೇ ಊರಿನ ಬೋರ್‌ವೆಲ್ಲಿನಲ್ಲಿ ನಾಳೆ ನೀರು ಹಿಡಿಯಬೇಕಾದವಳು. ದೂರದ ಆಕಾಶದಲ್ಲಿ ದಂಗೆಯೇಳುವುದು ಅಷ್ಟೇನೂ ಕಷ್ಟವಲ್ಲ ಎಂದು ಆ ದಿನ ನನಗೆ ಅನ್ನಿಸಿತು.

ಮೂರು ವಾರ ಯಾರೂ ಕೆಲಸಕ್ಕೆ ಹೋಗಲಿಲ್ಲ. ಉಳಿದ ಗೊಂಬೆಗಳನ್ನೆಲ್ಲ ಒಬ್ಬಳೇ ಕಡೆದಳು. ಬೊಟ್ಟಿಟ್ಟಳು. ಗೋಣಿಚೀಲಗಳಲ್ಲಿ ತುಂಬಿ ಚನ್ನಪಟ್ಟಣದ ಬಸ್ಸು ಹತ್ತಿಸಿದ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಚೀಲದಲ್ಲಿ ಏನು ಎಂದು ಕಂಡಕ್ಟರ್ ಕೇಳಿದ. "ಸೈತಾನ್ರು ಅವ್ರೆ. ಎಲ್ಲಾ ಚಿಕ್ಕೋರು, ಅರ್ಧ ಟಿಕೀಟ್ ಕೊಡಪ್ಪ" ಎಂದಳು. ಕಂಡಕ್ಟರ್ ಲಗೇಜಿನ ಚೀಟಿ ಹರಿದುಕೊಟ್ಟು ದೂರ ಹೋಗಿ ನಿಂತ. ಗೊಂಬೆಗಳು ಸಮುದ್ರ ದಾಟಿದವು. ನಕ್ಷತ್ರಕ್ಕಿಂತ ಬೊಟ್ಟೇ ಚೆನ್ನಾಗಿದೆ ಎಂದು ನರ್ಸಮ್ಮ ಬರೆದರು. ಊರಿನಲ್ಲಿ ಮೊದಲು ಒಬ್ಬಳು, ಆಮೇಲೆ ಇನ್ನೊಬ್ಬಳು ಏನೂ ಆಗಿಲ್ಲವೆಂಬಂತೆ ಬಂದು ತಮ್ಮ ತಮ್ಮ ಲೇತಿಗೆ ಕೂತರು. ಬೋರೇಗೌಡರೇ ಮೊಮ್ಮಗುವಿನ ತೊಟ್ಟಿಲಿಗೆ ಗಿಲಕಿ ಮಾಡಿಸಿಕೊಂಡು ಹೋದರು.

ನಾನು ಎರಡನೆಯ ವರದಿ ಬರೆದೆ. ಉದ್ದದ್ದು. ಸೈತಾನವಾದ ಎಂದರೆ ಏನು, ಏನಲ್ಲ, ಗೊಂಬೆ ಎಲ್ಲಿಗೆ ಹೋಯಿತು, ಎಲ್ಲವನ್ನೂ ಬರೆದೆ. ಡೆಸ್ಕಿನ ಹಿರಿಯರು ಫೋನ್ ಮಾಡಿ "ಏನ್ರೀ ಇದು, ಸೈತಾನನಿಗೆ ವಕೀಲಿಕೆನಾ?" ಎಂದರು. ಮೂರು ಸಾಲು ಅಚ್ಚಾಯಿತು: ಗೊಂಬೆ ಕುರಿತ ಆತಂಕ ದೂರ. ಅವರನ್ನು ದೂರಿ ಪ್ರಯೋಜನವಿಲ್ಲ. ನನ್ನ ಉದ್ದದ ವರದಿಯಲ್ಲಿ ಫ್ರಾನ್ಸ್ ಇತ್ತು, ಅಮೆರಿಕ ಇತ್ತು, ಏಳುನೂರು ವರ್ಷದ ಹಿಂದಿನ ಅರಸನ ಅನ್ಯಾಯವೂ ಇತ್ತು. ಮೊದಲ ವರದಿಯನ್ನು ಯಾರು ಹೇಗೆ ಬರೆದರು ಎಂಬುದು ಮಾತ್ರ ಇರಲಿಲ್ಲ.

ಅಂಚೆ ಕಚೇರಿಯಿಂದ ಬಂದ ಮರುದಿನ ಆ ಊರಿಗೆ ಹೋದೆ. ಶೆಡ್ಡಿಗೆ ಹೊಸ ತಗಡು ಬಂದಿದೆ. ಕೆಂಪಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಮರದ ಹೊಟ್ಟು ಎಲ್ಲಿ ಮುಗಿಯುತ್ತದೆ, ಕೂದಲು ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ. ನಿಂತುಕೊಂಡೇ ಹೇಳಿದೆ. "ಕೆಂಪಕ್ಕ, ಆವತ್ತಿನ ಪೇಪರಿನಲ್ಲಿ ಅದನ್ನ ಬರೆದವನು ನಾನೇ."

"ಗೊತ್ತಿತ್ತು ಕಣಪ್ಪ" ಎಂದಳು.

"ಹೇಗೆ?" ಎಂದೆ.

"ಅವತ್ತು ಕಟ್ಟೆ ತಾವ ನಾನು ಯಾರ್ಲಾ ಬರ್ದೋನು ಅಂದಾಗ ಎಲ್ಲಾರೂ ನನ್ ಮಖ ನೋಡುದ್ರು. ನೀನೊಬ್ನೇ ಪುಸ್ತಕ ನೋಡ್ದೆ."

ಕ್ಷಮಿಸಿ ಎಂದೆ. ಆ ಮಾತು ನನಗೇ ಹಗುರವಾಗಿ ಕೇಳಿಸಿತು.

"ನನ್ ತಾವ ಕೇಳಿ ಏನ್ ಬಂತು? ನಾನೇನ್ ಮಾರವ್ವನಾ, ನಿನ್ ತಾವ ತಪ್ಪುಕಾಣಿಕೆ ಇಸ್ಕಳಾಕೆ?" ಲೇತು ನಿಲ್ಲಿಸಿದಳು. ನಾನು ನೋಡಿದಂತೆ ಮಾತಿಗಾಗಿ ಅವಳು ಲೇತು ನಿಲ್ಲಿಸಿದ್ದು ಅದೊಂದೇ ಸಲ. "ಹೋದ್ ತಿಂಗ್ಳು ನನ್ ಮಗ್ಳನ್ನ ನೋಡಕ್ಕೆ ಮರಳವಾಡಿ ಕಡೆಯೋರು ಬಂದಿದ್ರು. ಕಾಫಿ ಕುಡುದ್ರು, ಹುಡ್ಗಿ ಒಪ್ಗೆ ಅಂದ್ರು. ಆಮ್ಯಾಕೆ ಹುಡ್ಗನ ಮಾವ ಫೋನ್ ತಗ್ದು ತೋರಿಸ್ದ. ನಿನ್ ನಾಕ್ ಸಾಲು. ಯಾರೋ ಪೋಟೋ ಹೊಡ್ದು ಮಡಿಕ್ಕೊಂಡವ್ರೆ, ಇನ್ನೂ ಓಡಾಡ್ತಾ ಐತೆ. ಪೇಪರ್ನಾಗೇ ಬಂದೈತಲ್ಲವ್ವ ಅಂದ. ಎದ್ದೋದ್ರು. ಬರ್ದೋನು ನೀನು. ಸರಿ ಮಾಡೋನೂ ನೀನೇಯ."

ಪತ್ರಿಕೆಗೆ ಫೋನ್ ಮಾಡಿದೆ. ಈಗ ಡೆಸ್ಕಿನಲ್ಲಿ ಬೇರೆ ಹಿರಿಯರಿದ್ದಾರೆ. ಎಂಟು ವರ್ಷದ ಹಿಂದಿನ ನಾಲ್ಕು ಸಾಲಿಗೆ ಈಗ ತಿದ್ದುಪಡಿಯೇ, ಯಾರಿಗೆ ನೆನಪಿದೆ, ಸುಮ್ಮನೆ ನಿಮ್ಮ ಹೆಸರನ್ನೂ ನಮ್ಮ ಹೆಸರನ್ನೂ ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದರು. ಮರಳವಾಡಿಯವರಿಗೆ ನೆನಪಿದೆ ಎಂದೆ. ಸಾಧ್ಯವಿಲ್ಲ ಎಂದರು. ಹಾಗಾದರೆ ಇಷ್ಟು ವರ್ಷದ ಮೇಲೆ ನಿಮ್ಮ ಮಾತು ಮೀರುತ್ತಿದ್ದೇನೆ ಎಂದು ಹೇಳಿ ಫೋನ್ ಇಟ್ಟೆ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಇದರ ಫೋಟೊ ತೆಗೆದು ಹಂಚುವುದಾದರೆ ಕೆಳಗಿನ ಸಾಲುಗಳನ್ನು ಹಂಚಿ.

ಎಂಟು ವರ್ಷದ ಹಿಂದೆ ಚನ್ನಪಟ್ಟಣ ಮತ್ತು ಕನಕಪುರದ ನಡುವಿನ ಊರೊಂದರ ಗೊಂಬೆಗಳ ಬಗ್ಗೆ ಪ್ರಕಟವಾದ ಸುದ್ದಿಯನ್ನು ಬರೆದವನು ನಾನು. ಬರೆಯುವ ಮುಂಚೆ ನಾನು ಆ ಊರಿಗೆ ಹೋಗಿರಲಿಲ್ಲ. ಗೊಂಬೆ ಮಾಡಿದವರನ್ನು ಕೇಳಿರಲಿಲ್ಲ. ಅಲ್ಲಿ ಮಾಟ ಇರಲಿಲ್ಲ, ಪೂಜೆ ಇರಲಿಲ್ಲ. ಗ್ರಾಮಸ್ಥರಲ್ಲಿ ಆತಂಕವೂ ಇರಲಿಲ್ಲ. ಅದು ನಾನು ಬರೆದ ಮೇಲೆ ಬಂತು.